ತುತ್ತು ದಾಟಿಸುವ ದಿನ

ನಮ್ಮೂರಿನಿಂದ ದಂಡಿಗೆ ಹೋಗುವವನು ಹೊರಡುವ ಹೊತ್ತಿನಲ್ಲಿ ಮನೆಯವರಲ್ಲಿ ಒಬ್ಬರ ಬಾಯಿಗೆ ತನ್ನ ಕೈಯಾರೆ ಒಂದು ತುತ್ತು ಇಟ್ಟು ಹೋಗುತ್ತಾನೆ. ಅಂದಿನಿಂದ ಅವನ ಪಾಲಿನ ಊಟ ಅವರದು. ಇಲ್ಲಿ ಇವರು ಉಂಡರೆ ಅಲ್ಲಿ ಅವನ ಹೊಟ್ಟೆ ತುಂಬುತ್ತದೆ. ಇವರು ಮರೆತರೆ ಅವನಿಗೆ ಉಪವಾಸ. ಅಂಥವರನ್ನು ನಾವು ತುತ್ತು ಹಿಡಿದವರು ಎನ್ನುತ್ತೇವೆ. ನನ್ನ ತಮ್ಮ ಮಾದೇಶ ಸಮುದ್ರದಾಚೆಯ ಯುದ್ಧಕ್ಕೆ ಹೊರಟ ದಿನ ನಾನೂ ಅವ್ವನೂ ಬಾಗಿಲಲ್ಲಿ ಒತ್ತಾಗಿ ನಿಂತಿದ್ದೆವು. ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಅವ್ವನ ಮುಖ ನೋಡಿದ, ಆಮೇಲೆ ಅವ್ವನ ಬಾಯಿಗೆ ತುತ್ತಿಟ್ಟ. ನನಗೆ ಆಗ ಬೇಜಾರಾಯಿತೋ ನೆಮ್ಮದಿಯಾಯಿತೋ ಇವತ್ತಿಗೂ ಹೇಳಲಾರೆ.

ಹೊರಟವರು ಸುಗ್ಗಿಗೆ ಬಂದುಬಿಡುತ್ತೇವೆ ಎಂದಿದ್ದರು. ಎಷ್ಟೋ ಸುಗ್ಗಿಗಳು ಬಂದು ಹೋದವು. ಯುದ್ಧ ಯಾರ ಮೇಲೆ, ಯಾತಕ್ಕೆ ಎಂಬುದು ಶುರುವಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬರುಬರುತ್ತಾ ಗೊತ್ತಿದ್ದವರೂ ಅದನ್ನು ಹೇಳುವಾಗ ನಡುವೆ ಎಲ್ಲೋ ತಡವರಿಸತೊಡಗಿದರು. ನಾವು ಮಾತ್ರ ಉಣ್ಣುವುದನ್ನು ಬಿಡಲಿಲ್ಲ. ಊರು ಅದಕ್ಕೆ ಒಗ್ಗಿಕೊಂಡಿತು. ನಾನು ಮೂಟೆಯ ಬಾಯಿ ಹೊಲಿಯುವ ಧಾನ್ಯದ ಮಂಡಿಯಲ್ಲಿ ಮಧ್ಯಾಹ್ನ ಎರಡು ಸಲ ಗಂಟೆ ಹೊಡೆಯುತ್ತಾರೆ, ಒಂದು ನಮ್ಮ ಊಟಕ್ಕೆ, ಇನ್ನೊಂದು ಹೋದವರ ಊಟಕ್ಕೆ. ಮದುವೆಮನೆಯ ಅಡುಗೆಯವರು ಎಲೆ ಎಷ್ಟು ಎಂದು ಕೇಳಿದ ಉಸಿರಿನಲ್ಲೇ ತುತ್ತು ಹಿಡಿದವರು ಎಷ್ಟು ಜನ ಎಂದೂ ಕೇಳುತ್ತಾರೆ. ಏಕಾದಶಿ ಮಾಡುವವರು ತಮ್ಮ ಪಾಲನ್ನು ಬಿಟ್ಟು ಹೋದವನ ಪಾಲನ್ನಷ್ಟೇ ಉಂಡು ಏಳುತ್ತಾರೆ. ಅದರಿಂದ ವ್ರತ ಕೆಡುವುದಿಲ್ಲ ಎಂದು ದೇವಸ್ಥಾನದವರೇ ಹೇಳಿದ್ದಾರೆ. ಅಲ್ಲಿ ಹಿಮ ಬೀಳುವ ಕಾಲ ಎಂದು ಸುದ್ದಿ ಬಂದರೆ ಇಲ್ಲಿ ಬೇಸಿಗೆಯ ಬೆವರಿನಲ್ಲೂ ಮನೆಮನೆಯಲ್ಲಿ ಹುರುಳಿ ಸಾರು ಕುದಿಯುತ್ತದೆ. ಪಕ್ಕದ ಮನೆಯ ರಾಚವ್ವ ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ ಹಾಗಲಕಾಯಿ ತಿನ್ನುತ್ತಾಳೆ. "ಸೂರು ರಿಪೇರಿ ಮಾಡ್ದೆ ಹೋದ್ನಲ್ಲ, ಮಳೆ ಸೋರಿದಾಗ್ಲೆಲ್ಲ ಅವ್ನ ಬಾಯೂ ಕಹಿಯಾಗ್ಲಿ" ಎನ್ನುತ್ತಾಳೆ. ಮಾರನೆಯ ದಿನ ತಡೆಯಲಾರದೆ ಬೆಲ್ಲದ ಪಾಯಸ ಮಾಡಿ, ಒಬ್ಬಳೇ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಾಳೆ.

ಒಂದು ದಿನ ಬಾಯಿಗಿಟ್ಟ ಸಾರಿನಲ್ಲಿ ಉಪ್ಪು ಹತ್ತದೆ, ಮತ್ತೆ ಹಾಕಿದರೂ ಹತ್ತದೆ ಹೋದರೆ, ಹೋದವನು ಇನ್ನಿಲ್ಲ. ರಾಜಧಾನಿಯಿಂದ ಸುದ್ದಿ ಬರುವುದು ಆಮೇಲೆ. ಅಂಥದನ್ನು ಉಪ್ಪು ಹೋದ ಮನೆ ಎನ್ನುತ್ತೇವೆ. ಅವರಿಗೆ ಊರಿನಲ್ಲಿ ದೊಡ್ಡ ಮರ್ಯಾದೆ. ನಾವು ಬೀದಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿಯುತ್ತೇವೆ, ಅವರ ಮುಂದೆ ಅಡುಗೆಯ ಮಾತು ಎತ್ತುವುದಿಲ್ಲ. ಮೇಲಿನ ಬೀದಿಯ ಅಮ್ಮಣ್ಣಿಯವರದು ಊರಿಗೆ ಮೊದಲು ಉಪ್ಪು ಹೋದ ಮನೆ. ಅವರ ಒಬ್ಬನೇ ಮಗ ದಂಡಿಗೆ ಹೊರಟ ವರ್ಷವೇ ತೀರಿಕೊಂಡಿದ್ದ.

ಯುದ್ಧ ಮುಗಿಯಲಿಲ್ಲ, ತುತ್ತು ಹಿಡಿದವರು ಮಾತ್ರ ಮುದುಕರಾದರು. ಹುಡುಗರು ಹೊರಡುವಾಗ ಹೆಚ್ಚಿನವರು ತಾಯಂದಿರ ಬಾಯಿಗೇ ತುತ್ತಿಟ್ಟಿದ್ದರು, ಯಾರೂ ಇಷ್ಟು ಕಾಲ ಎಂದುಕೊಂಡಿರಲಿಲ್ಲ. ನಮ್ಮವ್ವ ಚಿಕ್ಕತಾಯವ್ವನಿಗೆ ಹೋದ ವರ್ಷದಿಂದ ಗಂಟಲು ಒಣಗಿ ಬಿಗಿಯತೊಡಗಿತು. ತನ್ನ ಪಾಲಿಗೆ ಅವಳು ಅಂಬಲಿ ಕುಡಿದು ಕೂರುತ್ತಿದ್ದಳು. ಮಾದೇಶನ ಪಾಲಿಗೆ ಅದು ನಡೆಯುವುದಿಲ್ಲ. ಅಂಬಲಿ ದಾಟುವುದಿಲ್ಲ, ಕೈಯಲ್ಲಿ ಮುರಿದು ಬಾಯಿಗಿಟ್ಟ ತುತ್ತು ಮಾತ್ರ ದಾಟುತ್ತದೆ. ಅವಳು ಮುದ್ದೆಯನ್ನು ಗೋಲಿಯಷ್ಟು ಮುರಿದು, ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ ನುಂಗುತ್ತಿದ್ದಳು. ಮಧ್ಯಾಹ್ನ ಕೂತರೆ ನಾನು ಮಂಡಿಯಿಂದ ಮರಳುವಾಗಲೂ ಅದೇ ತಟ್ಟೆಯ ಮುಂದೆ ಇರುತ್ತಿದ್ದಳು. ಆಸ್ಪತ್ರೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, "ಗಟ್ಟಿ ಪದಾರ್ಥ ನಿಲ್ಲಿಸಿಬಿಡಿ" ಎಂದರು. ಅವ್ವ ಅವರನ್ನು ಹುಚ್ಚರನ್ನು ನೋಡುವಂತೆ ನೋಡಿದಳು.

ನಮ್ಮವ್ವನೊಬ್ಬಳೇ ಅಲ್ಲ, ಬೀದಿಗೆ ನಾಲ್ಕೈದು ಮನೆಯಲ್ಲಿ ಇದೇ ಕಥೆ. ಅದು ರಾಜಧಾನಿಗೂ ತಿಳಿದಿರಬೇಕು. ದಂಡಿನ ಕಚೇರಿಯಿಂದ ಶ್ರೀಕಂಠರಾಯರೆಂಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಮಾತಿಗೆ ಮೊದಲು ಎಲ್ಲ ಮುದುಕಿಯರ ಆರೋಗ್ಯ ವಿಚಾರಿಸಿದರು. ಮುಂದಿನ ಪಂತಿಯಲ್ಲಿ ತುತ್ತು ದಾಟಿಸೋಣ ಎಂದರು. ವಯಸ್ಸಾದವರು ತಮ್ಮ ಕೈಯಿಂದ ಮನೆಯ ಕಿರಿಯರ ಬಾಯಿಗೆ ಒಂದು ತುತ್ತು ಇಟ್ಟರೆ ಭಾರ ಅವರಿಗೆ ಹೋಗುತ್ತದೆ, ಹೊಸ ಬಾಯಿ, ಹೊಸ ಗಂಟಲು, ಮುಂದೆ ಬಹಳ ಕಾಲ ಚಿಂತೆಯಿಲ್ಲ. ಆ ‘ಬಹಳ ಕಾಲ’ ಎಂಬುದನ್ನು ಅವರು ಸಮಾಧಾನ ಹೇಳುವಂತೆಯೇ ಹೇಳಿದರು.

ಪಂತಿಯ ವಿಷಯ ಹೇಳಬೇಕು. ದಂಡನ್ನು ಕಳಿಸುವುದು ರಾಜಧಾನಿ, ಆದರೆ ಉಣಿಸುವವರಿಗೆ ಕರೆಯುವ ಹಕ್ಕಿದೆ. ಕೆಲವು ವರ್ಷಕ್ಕೊಮ್ಮೆ ತುತ್ತು ಹಿಡಿದವರೆಲ್ಲ ಮಂಡಿಯ ಅಂಗಳದಲ್ಲಿ ಒಟ್ಟಿಗೆ ಕೂತು ಹೋದವರ ಪಾಲನ್ನು ಉಣ್ಣುತ್ತಾರೆ. ಉಂಡಾದ ಮೇಲೆ ಎಲೆ ಮಡಚಿದರೆ ‘ಸಾಕು, ನಮ್ಮವರು ಬರಲಿ’ ಎಂದರ್ಥ. ಬಿಚ್ಚಿದಂತೆಯೇ ಬಿಟ್ಟು ಎದ್ದರೆ ‘ಇನ್ನೂ ಉಣಿಸುತ್ತೇವೆ’ ಎಂದು. ಮಡಚಿದ ಎಲೆ ಅರ್ಧಕ್ಕೆ ಮೀರಿದರೆ ದಂಡು ಮರಳಲೇಬೇಕು. ಪಂತಿಯ ತಲೆಯಲ್ಲಿ ಉಪ್ಪು ಹೋದ ಮನೆಯವರು ಕೂರುತ್ತಾರೆ. ಅವರು ಎಲೆ ಮುಟ್ಟುವ ಮೊದಲು ಮಿಕ್ಕವರು ಮುಟ್ಟುವುದಿಲ್ಲ. ಅದು ಕಾನೂನಲ್ಲ, ಮರ್ಯಾದೆ. ಹಿಂದಿನ ಪಂತಿಯಲ್ಲಿ ನಾನು ನೀರು ಬಡಿಸುತ್ತಿದ್ದೆ. ಅಮ್ಮಣ್ಣಿಯವರು ಎಲೆ ಮಡಚದೆ ಎದ್ದರು. ಅವರ ಹಿಂದೆ ಸಾಲಿನ ತುದಿಯವರೆಗೂ ಒಂದು ಎಲೆಯೂ ಮಡಚಿಕೊಳ್ಳಲಿಲ್ಲ. ಊರು ಒಕ್ಕೊರಲಿನಿಂದ ಯುದ್ಧಕ್ಕೆ ಒಪ್ಪಿತು ಎಂದು ರಾಜಧಾನಿಯಲ್ಲಿ ಡಂಗುರ ಹೊಡೆಸಿದರಂತೆ. ತುತ್ತು ದಾಟಿಸುವುದೂ ಪಂತಿಯಲ್ಲೇ ಆಗಬೇಕು. ಆವತ್ತು ಬಿಟ್ಟರೆ ಇನ್ನೊಂದು ಪಂತಿಯವರೆಗೆ ಕಾಯಬೇಕು. ಅಷ್ಟು ದಿನ ಅವ್ವನ ಗಂಟಲು ಕಾಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಎಲ್ಲರೂ ನಾನೇ ಇಸ್ಕೊಳ್ಳುತ್ತೇನೆ ಎಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮದುವೆಯಾಗದ ಹೆಣ್ಣು, ಗಟ್ಟಿ ಗಂಟಲು, ತಮ್ಮನ ಮೇಲೆ ಪ್ರಾಣ. ಮೂಟೆಯ ಬಾಯಿಗೆ ದಬ್ಬಳ ಚುಚ್ಚುತ್ತಾ ನಾನು ಲೆಕ್ಕವಿಲ್ಲದಷ್ಟು ಸಲ ಅದನ್ನು ತಿರುಗಿಸಿ ಮಗುಚಿ ನೋಡಿದೆ. ಸಂಜೆ ಶಾಲೆಯಲ್ಲಿ ಪೌರನೀತಿ ಓದುವಾಗ ನಮ್ಮ ಮೇಷ್ಟ್ರು ಪ್ರತಿ ಪ್ರಶ್ನೆಗೂ ಎರಡು ಕಡೆಯ ಉತ್ತರ ಬರೆಸುತ್ತಿದ್ದರು. ನನಗೆ ಎರಡೂ ಕಡೆ ಸರಿಯೆನಿಸಿ ಅಂಕ ಕಡಿಮೆ ಬರುತ್ತಿತ್ತು. ಈಗಲೂ ಹಾಗೆಯೇ. ನಾನು ಇಸ್ಕೊಂಡರೆ ಮಾದೇಶ ಬದುಕುತ್ತಾನೆ. ನಾನು ಇಸ್ಕೊಂಡರೆ ಯುದ್ಧವೂ ಬದುಕುತ್ತದೆ. ಹೊಸ ಗಂಟಲು ಸಿಕ್ಕಮೇಲೆ ಎಲೆ ಮಡಚುವ ಅವಸರ ಯಾರಿಗೂ ಇರುವುದಿಲ್ಲ. ಅವನು ನನ್ನ ಗಂಟಲು ಇರುವಷ್ಟು ದಿನ ಅಲ್ಲೇ ಇರುತ್ತಾನೆ, ಆಮೇಲೆ ಯಾರದೋ ಮಗುವಿನ ಬಾಯಿ ಹುಡುಕುತ್ತಾರೆ. ಎಷ್ಟು ಮಗುಚಿದರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತಿದ್ದೆ. ಹೀಗೆ ಒಂದೇ ಕಡೆ ನಿಲ್ಲುವುದು ನನಗೆ ಹೊಸದು, ಅದಕ್ಕೇ ಭಯವಾಗುತ್ತಿತ್ತು.

ಪಂತಿಯ ಹಿಂದಿನ ಸಂಜೆ ಒಲೆಯ ಮುಂದೆ ಅವ್ವನಿಗೆ ಹೇಳಿದೆ. "ಅವ್ವ, ನಾಳೆ ನಾನು ತುತ್ತು ಇಸ್ಕೊಳ್ಳಲ್ಲ."

ಅವಳು ಕೊಳವೆಯಿಂದ ಒಲೆ ಊದುತ್ತಿದ್ದವಳು ನಿಲ್ಲಿಸಿದಳು. "ಯಾಕಮ್ಮಿ, ನಿಂಗೂ ಗಂಟ್ಲು ನೋವಾ?"

"ಇಲ್ಲ. ಅವನು ಬರ್ಲಿ ಅಂತ."

"ಬರ್ಲಿ ಅಂದ್ರೆ ಬಂದ್ಬುಟ್ಟಾನಾ? ಊರು ಎಲೆ ಮಡಚ್ಬೇಕಲ್ಲ."

"ಮಡಚ್ತಾರೆ."

"ಹೋದ್ಸಲ ಮಡಚಿದ್ರಾ?"

ನಾನು ಒಲೆಗೆ ಇನ್ನೊಂದು ಸೌದೆ ತಳ್ಳಿದೆ. ಅವ್ವ ಮತ್ತೆ ಊದಿದಳು, ಹೊಗೆ ಬಂತು, ಇಬ್ಬರೂ ಕಣ್ಣೊರೆಸಿಕೊಂಡೆವು. "ನೋಡು ಸೀಲ" ಎಂದಳು. ನನ್ನ ಹೆಸರು ಜಯಶೀಲ, ಅವಳ ಬಾಯಲ್ಲಿ ಅಷ್ಟೇ ಉಳಿದಿದೆ. "ನೀನು ಓದಿದೋಳು. ನಂಗೆ ದೇಸ ಗೊತ್ತಿಲ್ಲ, ದಂಡು ಗೊತ್ತಿಲ್ಲ. ಅವ್ನು ನನ್ನ ಬಾಯಿಗಿಕ್ಕೋವಾಗ ಏನಂದ ಗೊತ್ತಾ? ‘ನೀನಾದ್ರೆ ಮರೆಯಲ್ಲ ಕಣವ್ವ’ ಅಂದ. ನಿನ್ನ ಮಾತ್ನ ನೆಚ್ಕೊಂಡು ನಾಳೆ ಊರು ಎಲೆ ಮಡಚ್ದೆ ಹೋದ್ರೆ, ನಾನು ಮರೆತಂಗೇ ಆಯ್ತಲ್ಲ."

"ಆಗ್ಲೂ ನೀನು ಮರೆತಂಗಲ್ಲ, ನಾನು ಕೊಂದಂಗೆ" ಎಂದೆ. ಹೇಳಿದ ಮೇಲೆ ಆ ಮಾತು ಎಷ್ಟು ದೊಡ್ಡದೆಂದು ತಿಳಿಯಿತು. ಅವ್ವ ಮುದ್ದೆ ತಿರುವಿ ತಟ್ಟೆಗೆ ಹಾಕಿದಳು, ಮಾದೇಶನ ಪಾಲಿಗೆ ಕೂತಳು. ಪ್ರತಿ ತುತ್ತಿಗೂ ಅವಳ ಕತ್ತಿನ ನರ ಎದ್ದು ಇಳಿಯುವುದನ್ನು ನಾನು ನೋಡುತ್ತಾ ಕೂತೆ.

ಮಾರನೆಯ ದಿನ ಮಂಡಿಯ ಅಂಗಳದಲ್ಲಿ ಉದ್ದಕ್ಕೆ ಚಾಪೆ ಹಾಸಿ ಬಾಳೆ ಎಲೆ ಹಾಕಿದ್ದರು. ಹಳೆಯ ಬಾಯಿಗಳು ಒಂದು ಸಾಲು, ಅವರ ಪಕ್ಕಕ್ಕೆ ಹೊಸ ಬಾಯಿಗಳು. ತಲೆಯಲ್ಲಿ ಅಮ್ಮಣ್ಣಿಯವರು, ಅವರ ಆಚೆ ಈಚೆ ಉಪ್ಪು ಹೋದ ಮಿಕ್ಕ ಮನೆಗಳವರು. ಅವರ ಎಲೆಗೂ ಬಡಿಸುತ್ತಾರೆ, ಅವರು ಉಣ್ಣುವುದಿಲ್ಲ. ನಮ್ಮದು ಸಾಲಿನ ಕೆಳಗಿನ ತುದಿ. ನಮ್ಮ ಮಗ್ಗುಲಲ್ಲೇ ರಾಚವ್ವ ತನ್ನ ಮಗಳು ಇಂದುಮತಿಯನ್ನು ಕೂರಿಸಿಕೊಂಡಿದ್ದಳು. ಅಪ್ಪ ಹೋಗುವಾಗ ಆ ಹುಡುಗಿ ಇನ್ನೂ ಹೊಟ್ಟೆಯಲ್ಲಿತ್ತು. ರಾಚವ್ವನಿಗೆ ಅಂಥ ವಯಸ್ಸೇನಲ್ಲ, ಆದರೆ ಅವಳಿಗೆ ಈಚೆಗೆ ಉಂಡದ್ದು ನಿಲ್ಲದೆ ವಾಂತಿಯಾಗುತ್ತಿತ್ತು.

"ಅಪ್ಪಂಗೆ ಏನಿಷ್ಟ ಅಂತ ನಂಗೆ ಹೆಂಗ್ ಗೊತ್ತಾಗುತ್ತೆ?" ಎಂದು ಹುಡುಗಿ ಕೇಳುತ್ತಿತ್ತು.

"ನಿಂಗೇನಿಷ್ಟಾನೋ ಅದೇ ಅವ್ರಿಗೂ ಇಷ್ಟ. ಅದೇ ಬಾಯಿ, ಅದೇ ಹಟ" ಎಂದಳು ರಾಚವ್ವ. ಆಮೇಲೆ ನನ್ನ ಕಡೆ ತಿರುಗಿ, "ಸೀಲಕ್ಕ, ನೀನು ಇಸ್ಕೊಂಡ್ಮೇಲೆ ದಬ್ಬಳ ಹಿಡ್ಕೊಂಡೇ ಉಣ್ಬೇಡ, ಮಾದೇಶಂಗೆ ಗೋಣಿ ನಾರು ಸಿಕ್ಕಾತು" ಎಂದು ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ.

ಊರಿನ ಯಜಮಾನರಾದ ಗುರುಮಲ್ಲಪ್ಪನವರು ಕೈಮುಗಿದು ಶುರುಮಾಡಿದರು, ಆಮೇಲೆ ರಾಯರು ಎದ್ದರು. ಅವರು ಅಬ್ಬರಿಸಲಿಲ್ಲ. "ತಾಯಂದಿರೆ, ನಿಮ್ಮವರು ಕಾಯುತ್ತಿರುವುದು ಒಂದು ಹೊಳೆದಂಡೆಯ ಪಟ್ಟಣ. ನಾನು ಹೋಗಿ ನೋಡಿದ್ದೇನೆ. ನಿಮ್ಮವರು ನಿಂತಿರುವುದರಿಂದ ಅಲ್ಲಿನ ಹೆಣ್ಣುಮಕ್ಕಳು ನೀರಿಗೆ ಬರುತ್ತಾರೆ, ಸಂತೆ ಕೂಡುತ್ತದೆ, ಮಕ್ಕಳು ಆಚೆ ಆಡುತ್ತವೆ. ನೀವು ಕರೆದ ಮಾರನೆಯ ದಿನ ಅವರ ಗತಿ ಏನು ಎಂದು ಒಮ್ಮೆ ಯೋಚಿಸಿ. ಇನ್ನೊಂದು ಮಾತು. ಈ ಸಾಲಿನ ತಲೆಯಲ್ಲಿ ಕೂತವರನ್ನು ನೋಡಿ. ಅವರು ಕೊಟ್ಟದ್ದಕ್ಕೆ ಅರ್ಥ ಬರುವುದು ನಾವು ಮುಗಿಸಿ ಬಂದರೆ. ಅರ್ಧಕ್ಕೆ ಎದ್ದರೆ ಅವರಿಗೆ ನಾವು ಏನು ಹೇಳುವುದು?" ಎಂದು ಕೂತರು. ಯಾರೂ ಅಮ್ಮಣ್ಣಿಯವರ ಕಡೆ ನೋಡಲಿಲ್ಲ. ಅವರು ಮುಂದಿನ ಎಲೆಯನ್ನೇ ನೋಡುತ್ತಿದ್ದರು.

ಊಟ ಶುರುವಾಯಿತು. ಮೊದಲ ತುತ್ತು ದಾಟಿಸಬೇಕು, ಮಿಕ್ಕದ್ದನ್ನು ಹೊಸ ಬಾಯಿ ಉಣ್ಣಬೇಕು. ಸಾಲಿನ ಮೇಲಿನಿಂದ ಒಬ್ಬೊಬ್ಬರೇ ಕೈಯೆತ್ತಿದರು. ಒಬ್ಬ ಮುದುಕಿ ಸೊಸೆಯ ಬಾಯಿಗಿಟ್ಟು ಅಳತೊಡಗಿದಳು, ಭಾರ ಇಳಿದುದಕ್ಕೋ ಮಗ ಕೈಬಿಟ್ಟುಹೋದಂತೆನಿಸಿಯೋ. ರಾಚವ್ವ ತುತ್ತು ಹಿಡಿದಾಗ ಇಂದುಮತಿ ಪಕ್ಷಿಯ ಮರಿಯಂತೆ ಬಾಯಿ ತೆರೆದಳು, ನುಂಗಿದಳು, ಎಲ್ಲರೂ ನೋಡುತ್ತಿದ್ದಾರೆಂದು ನಾಚಿಕೊಂಡಳು. ಆ ಎಳೆಯ ಕತ್ತಿನಲ್ಲಿ ತುತ್ತು ಇಳಿದುಹೋದದ್ದು ನನಗೆ ಕಾಣಿಸಿತು. ಅಷ್ಟು ಸಲೀಸಾಗಿ ಇಳಿಯಿತಲ್ಲ ಎಂದುಕೊಂಡೆ.

ಅವ್ವ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನನ್ನ ಬಾಯಿಯ ಮುಂದೆ ಹಿಡಿದಳು. ನಾನು ಬಾಯಿ ತೆರೆಯಲಿಲ್ಲ. ಸಾರು ಅವಳ ಮೊಣಕೈವರೆಗೂ ಇಳಿಯಿತು. ಪಕ್ಕದವರು ತಿರುಗಿದರು. ಯಜಮಾನರು, "ಯಾಕಮ್ಮ, ಇಸ್ಕೊ, ಮುದುಕಿ ಕೈ ಸೋಲ್ತದೆ" ಎಂದರು.

ನಾನು ಎದ್ದು ನಿಂತೆ. ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. "ಇಸ್ಕೊಳ್ಳಲ್ಲ" ಎಂದೆ.

"ತಮ್ಮನಿಗೆ ಉಪವಾಸ ಹಾಕ್ತೀಯಾ?" ಎಂದು ಯಾರೋ ಹಿಂದಿನಿಂದ ಕೇಳಿದರು. "ಓದಿದ ಕೊಬ್ಬು" ಎಂದು ಇನ್ನೊಬ್ಬರು.

"ತಮ್ಮ ಬರಬೇಕು" ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು. "ನಾನು ಇಸ್ಕೊಂಡ್ರೆ ಅವನು ಬರಲ್ಲ. ಇಷ್ಟು ದಿನ ಯುದ್ಧ ಯಾಕೆ ಮುಗೀಲಿಲ್ಲ ಅಂದ್ರೆ, ನಾವು ಯಾವತ್ತೂ ಊಟ ತಪ್ಪಿಸಲಿಲ್ಲ. ಇವತ್ತು ಇಂದುಮತಿ ಬಾಯಿ. ನಾಳೆ ಇಂದುಮತಿಗೆ ಹುಟ್ಟೋ ಕೂಸಿನ ಬಾಯಿ."

ರಾಯರು ತಾಳ್ಮೆಯಿಂದಲೇ ಕೇಳಿದರು. "ಆ ಪಟ್ಟಣದವರ ಬಗ್ಗೆ ನೀನು ಏನು ಹೇಳುತ್ತೀಯಮ್ಮ?"

ಅದೇ ಪ್ರಶ್ನೆಗೆ ನಾನು ಹೆದರಿದ್ದೆ. "ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ ಸ್ವಾಮಿ" ಎಂದೆ. "ಅವರನ್ನ ನೆನೆಸ್ಕೊಂಡ್ರೆ ನನಗೂ ನಿದ್ದೆ ಬರಲ್ಲ. ಆದ್ರೆ ನಮ್ಮವ್ವನ ಗಂಟಲು ಸವೆಯೋವರೆಗೂ ನಿಂತಿದ್ವಿ. ಇಷ್ಟು ಕಾಲದಲ್ಲಿ ಆಗದೆ ಇದ್ದದ್ದು ನನ್ನ ಗಂಟಲು ಸವೆದ ಮೇಲೆ ಆಗುತ್ತೆ ಅಂತ ನೀವು ಹೇಳ್ತೀರಾ? ಹೇಳಿದ್ರೆ ಈಗ್ಲೇ ಬಾಯಿ ತೆಗೀತೀನಿ."

ರಾಯರು ಹೇಳಲಿಲ್ಲ. ಅವರು ಸುಳ್ಳು ಹೇಳುವ ಮನುಷ್ಯನಲ್ಲ, ಅದನ್ನು ನಾನು ಇವತ್ತಿಗೂ ಒಪ್ಪುತ್ತೇನೆ.

"ಆ ಪಟ್ಟಣದಲ್ಲಿ ಹೆದರಿದೋರು ನಮ್ಮವರ ಜೊತೇಲೇ ಹೊರಟು ಬರ್ಲಿ" ಎಂದೆ. "ಇಲ್ಲಿ ಹೆಂಗೂ ದಿನಾ ಇಬ್ಬರ ಅಡುಗೆ ಮಾಡಿ ರೂಢಿ ಆಗಿದೆ. ಎಲೆ ಹಾಕೋಣ." ಅಷ್ಟು ಹೇಳಿ ಕೂತೆ.

ಅವ್ವನ ಕೈ ಇನ್ನೂ ಹಾಗೇ ಇತ್ತು. ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ಆ ತುತ್ತನ್ನು ತಿರುಗಿಸಿ ತನ್ನ ಬಾಯಿಗೇ ಇಟ್ಟುಕೊಂಡಳು. ಅಂಗಳವೆಲ್ಲ ಅವಳು ನುಂಗುವುದನ್ನು ಕಾಯಿತು. ಕಣ್ಣಲ್ಲಿ ನೀರು ಬಂದು, ಕತ್ತು ಮುಂದಕ್ಕೆ ಚಾಚಿ, ಕೊನೆಗೂ ಇಳಿಸಿದಳು. ಹಾಗೆಯೇ ಇನ್ನೊಂದು ಮುರಿದಳು. ಎಲೆಯಲ್ಲಿದ್ದ ಮಾದೇಶನ ಪಾಲನ್ನು ಒಂದೂ ಬಿಡದೆ ಉಂಡಳು. ಅಷ್ಟು ಹೊತ್ತು ಯಾರೂ ಏಳಲಿಲ್ಲ, ಇನ್ನೂ ದಾಟಿಸದೆ ಉಳಿದಿದ್ದವರು ಕೈಯೆತ್ತಲಿಲ್ಲ. ಉಂಡು ಮುಗಿಸಿ, ಬಲಗೈಯನ್ನು ಲೋಟದ ನೀರಿನಲ್ಲಿ ತೊಳೆದು, ಸಾಲಿನ ಕೆಳತುದಿಯ ನಮ್ಮವ್ವ, ತಲೆಯಲ್ಲಿದ್ದವರಿಗಿಂತ ಮೊದಲು, ತನ್ನ ಎಲೆಯನ್ನು ಮಡಚಿದಳು.

"ಚಿಕ್ಕತಾಯವ್ವ" ಎಂದು ಯಜಮಾನರು ಗದರಿದರು. "ಮೇಲೆ ಕೂತೋರು ಕಣ್ಣಿಗೆ ಕಾಣಕ್ಕಿಲ್ವಾ ನಿಂಗೆ?"

"ಕಾಣ್ತಾರೆ ಸ್ವಾಮಿ. ಅಮ್ಮಣ್ಣೀ, ತಪ್ಪಾಯ್ತು ಕಣವ್ವ" ಎಂದು ಅವ್ವ ಆ ತುದಿಗೆ ಕೈಮುಗಿದಳು. "ಆದ್ರೂ ಬಿಚ್ಚಕ್ಕಿಲ್ಲ."

ಅಮ್ಮಣ್ಣಿಯವರು ತಲೆಯೆತ್ತಿದರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಗುರುಮಲ್ಲಪ್ಪ, ಅವಳನ್ನ ಬೈಬೇಡ" ಎಂದರು. "ಹೋದ್ಸಲ ನಾನು ಎಲೆ ಹಂಗೇ ಬಿಟ್ಟೆದ್ದೆನಲ್ಲ, ಯಾಕೆ ಅಂತ ಒಬ್ರೂ ಕೇಳ್ಲಿಲ್ಲ. ನನ್ನ ಮಗ ಹೋದೋನು. ನಿಮ್ಮ ಮಕ್ಕಳು ಬರ್ಲಿ ಬಿಡ್ಲಿ ಅನ್ನೋದನ್ನ ನಾನು ಹೆಂಗೆ ತೀರ್ಮಾನ ಮಾಡ್ಲಿ? ಮಕ್ಕಳು ಬದುಕಿರೋರು ಮಡಚ್ಕೊಳ್ಳಿ ಅಂತ ಸುಮ್ನೆ ಎದ್ದೆ. ನೀವು ಒಬ್ರೂ ಮಡಚ್ಲಿಲ್ಲ. ಇವರಿಗೆಲ್ಲ ಯುದ್ಧ ಬೇಕು ಅಂದ್ಕೊಂಡೆ ನಾನು."

ಸಾಲಿನಲ್ಲಿ ಒಂಥರಾ ಗುಜುಗುಜು ಎದ್ದಿತು. "ನೀವು ಮಡಚ್ಲಿಲ್ಲ ಅಂತ್ಲೇ ನಾವು ಮಡಚ್ಲಿಲ್ಲ ಅಮ್ಮಣ್ಣಿ" ಎಂದಳು ರಾಚವ್ವ. "ನಿಮ್ಮ ಮಗನ್ನ ಕಳ್ಕೊಂಡು ನೀವೇ ಗಟ್ಟಿಯಾಗಿ ಕೂತಿರುವಾಗ, ನನ್ನ ಗಂಡ ಬರ್ಲಿ ಅಂತ ಯಾವ ಬಾಯಲ್ಲಿ ಅನ್ನೋದು ಅಂತ." ಇನ್ನೊಬ್ಬಳು ತಾನೂ ಹಾಗೆಯೇ ಎಂದಳು. ಮತ್ತೊಬ್ಬಳು, ಎಲೆಯ ತುದಿಯವರೆಗೂ ಕೈ ಹೋಗಿತ್ತು, ಪಕ್ಕದವಳು ನೋಡಿದಳೆಂದು ಸುಮ್ಮನಾದೆ ಎಂದಳು. ಅಷ್ಟು ವರ್ಷ, ಅಷ್ಟು ಉಪ್ಪು ಹೋದ ಮನೆಗಳು, ಒಬ್ಬರ ಮರ್ಯಾದೆಗೆ ಇನ್ನೊಬ್ಬರು ಕಾದು ಕೂತದ್ದರಿಂದ ಎಂದು ಆ ಅಂಗಳಕ್ಕೆ ಒಟ್ಟಿಗೆ ತಿಳಿಯಿತು. ಯಾರೂ ಅಳಲಿಲ್ಲ. ಅಳುವುದಕ್ಕೂ ನಾಚಿಕೆಯಾಗುವಂಥ ವಿಷಯ ಅದು.

ಅಮ್ಮಣ್ಣಿಯವರು ರಾಯರ ಕಡೆ ತಿರುಗಿದರು. "ನನ್ನ ಮಗ ಸತ್ತದ್ದಕ್ಕೆ ಅರ್ಥ ಬೇಕು ಅಂತ ನಾನು ಯಾರನ್ನೂ ಕೇಳ್ಲಿಲ್ಲವಪ್ಪ. ಅವನು ಬದುಕಿದ್ದಾಗ ಚೆನ್ನಾಗೇ ಇತ್ತು." ಹಾಗೆಂದು ತಾವು ಮುಟ್ಟದ ಎಲೆಯನ್ನು ಅನ್ನದ ಸಮೇತ ಮಡಚಿದರು. ಸಾರು ಅಂಚಿನಿಂದ ಚಾಪೆಗೆ ಹರಿಯಿತು. ಆಮೇಲೆ ಕೇಳಿದ್ದು ಹಸಿ ಬಾಳೆಎಲೆ ಮಡಚುವ ಸದ್ದು, ಮೇಲಿನಿಂದ ಕೆಳಗಿನವರೆಗೆ. ಇಂದುಮತಿ ಅಮ್ಮನ ಮುಖ ನೋಡಿ, ಅಪ್ಪನ ಪಾಲನ್ನು ಗಬಗಬನೆ ಮುಗಿಸಿ, ತನ್ನದನ್ನೂ ಮಡಚಿದಳು. ಕೆಲವು ಎಲೆಗಳು ಬಿಚ್ಚಿಯೇ ಉಳಿದವು. ಅವರಿಗೂ ಅವರ ಕಾರಣಗಳಿದ್ದವು, ಆ ಹೊಳೆದಂಡೆಯ ಪಟ್ಟಣ ಅವರ ಕಣ್ಣಮುಂದೆ ಇದ್ದಿರಬೇಕು. ರಾಯರು ಸಾಲಿನುದ್ದಕ್ಕೂ ಒಮ್ಮೆ ನಡೆದು ನೋಡಿ, "ಆಯಿತು, ಕರೆಸುತ್ತೇನೆ. ಬರುತ್ತೇವೆ ಎನ್ನುವವರನ್ನೂ ಕರೆತರಲು ಹೇಳುತ್ತೇನೆ" ಎಂದರು. ಹೋಗುವಾಗ ನನ್ನ ಹತ್ತಿರ ನಿಂತು, "ದಾರಿ ಬಹಳ ದೂರ. ಅವರು ಈ ನೆಲ ಮೆಟ್ಟುವವರೆಗೂ ನಿಮ್ಮ ಊಟವೇ ಅವರಿಗೆ ಗತಿ. ನಿಮ್ಮ ತಾಯಿಯವರಿಗೆ ಆಗುತ್ತದೆಯೇ?" ಎಂದು ಮೆಲ್ಲಗೆ ಕೇಳಿದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ಯೋಚಿಸುವವಳು, ಇದೊಂದನ್ನು ಬಿಟ್ಟಿದ್ದೆ. ಪಂತಿ ಎದ್ದಾಗಿತ್ತು, ಎಲೆ ಮಡಚಿದ ಮೇಲೆ ತುತ್ತು ದಾಟುವುದಿಲ್ಲ. ನನ್ನ ಗಟ್ಟಿ ಗಂಟಲು ಇನ್ನು ಯಾವ ಕೆಲಸಕ್ಕೂ ಬಾರದು. ನನ್ನ ಮುಖ ಕಂಡು ಅವ್ವ, "ಏನಂತೆ?" ಎಂದಳು. ಹೇಳಿದೆ. "ಅಷ್ಟೇ ತಾನೆ" ಎಂದು ಸೆರಗು ಕೊಡವಿಕೊಂಡು ಮನೆಯ ಕಡೆ ನಡೆದಳು.

ಆಮೇಲಿನ ದಿನಗಳಲ್ಲಿ ನಾನು ಮಂಡಿಗೆ ಹೋಗುವುದನ್ನು ಬಿಟ್ಟೆ. ಮುದ್ದೆಯನ್ನು ಬೆಣ್ಣೆಯಷ್ಟು ನುಣ್ಣಗೆ ತಿರುವುತ್ತಿದ್ದೆ, ಸಾರನ್ನು ಸೋಸುತ್ತಿದ್ದೆ, ಪ್ರತಿ ತುತ್ತಿಗೂ ಮೊದಲು ಬಿಸಿನೀರು ಕೊಡುತ್ತಿದ್ದೆ. ಅವ್ವ ಒಂದೊಂದು ತುತ್ತಿಗೂ ಹೆಸರಿಟ್ಟುಕೊಂಡಳು. "ಇದು ಬೆಟ್ಟ ಹತ್ತಾಕೆ" ಎಂದು ಒಂದು, "ಇದು ಇಳಿಯಾಕೆ" ಎಂದು ಒಂದು. ಒಮ್ಮೊಮ್ಮೆ ತುತ್ತು ನಡುವೆ ನಿಂತು ಅವಳ ಮುಖ ಕಪ್ಪಿಡುತ್ತಿತ್ತು. ನಾನು ಬೆನ್ನು ನೀವುತ್ತಾ ಮನಸ್ಸಿನಲ್ಲೇ ನನ್ನನ್ನು ಶಪಿಸಿಕೊಳ್ಳುತ್ತಿದ್ದೆ. ಇಸ್ಕೊಂಡುಬಿಟ್ಟಿದ್ದರೆ ಇವಳಿಗೆ ಈ ಸಂಕಟ ಇರುತ್ತಿರಲಿಲ್ಲವಲ್ಲ ಎಂದು ಒಂದು ದಿನ ಬಾಯಿಬಿಟ್ಟು ಅಂದೂಬಿಟ್ಟೆ. ಅವ್ವ ಕೈಸನ್ನೆಯಲ್ಲಿ ತಡಿ ಎಂದಳು, ನುಂಗಿದಳು, ಉಸಿರು ತೆಗೆದುಕೊಂಡಳು. "ಇಷ್ಟು ದಿನ ಅವ್ನು ಅಲ್ಲಿ ನಿಂತ್ಕೊಳ್ಳಾಕೆ ಉಂಡೆ" ಎಂದಳು. "ಈಗ ಬರಾಕೆ ಉಣ್ತಾ ಇವ್ನಿ. ಬಡ್ಸು."

ದಿನಕ್ಕೆ ದಿನ ಅವಳು ಕಡ್ಡಿಯಾದಳು. ನೋವಿನಿಂದ ತನ್ನ ಪಾಲಿನ ಅಂಬಲಿಯನ್ನು ಅರ್ಧಕ್ಕೇ ಬಿಡುತ್ತಿದ್ದಳು, ಮಾದೇಶನ ಪಾಲನ್ನು ಮಾತ್ರ ಬಿಡಲಿಲ್ಲ. ಪ್ರತಿ ಮಧ್ಯಾಹ್ನ ಮೊದಲ ತುತ್ತು ಬಾಯಿಗಿಟ್ಟಾಗ ನಾನು ಅವಳ ಮುಖವನ್ನೇ ನೋಡುತ್ತಾ ಕಾಯುತ್ತಿದ್ದೆ. "ಉಪ್ಪದೆ" ಎನ್ನುತ್ತಿದ್ದಳು. ಅಷ್ಟು ಕೇಳಿದರೆ ಆ ದಿನಕ್ಕೆ ಸಾಕು.

ಒಂದು ಮಧ್ಯಾಹ್ನ ಉಂಡು ಮುಗಿಸಿ ಎದ್ದವಳು ಗೋಡೆ ಹಿಡಿದುಕೊಂಡಳು. ಹೊಟ್ಟೆಗೆ ಕೈಯೊತ್ತಿ ಹಾಗೇ ಕುಸಿದು ಕೂತಳು. "ಅಮ್ಮಮ್ಮಮ್ಮ, ಹೊಟ್ಟೆ ಕಲ್ಲಾಗದೆ ಕಣಮ್ಮಿ" ಎಂದು ನರಳಿದಳು. ಮುಗಿಯಿತು, ನಾನೇ ಕೊಂದೆ ಎಂದುಕೊಂಡೆ. ಓಮ ಅರೆದು ಕೊಡೋಣವೆಂದರೆ ಡಬ್ಬದಲ್ಲಿ ಒಂದು ಕಾಳಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿದೆ.

ಅಂಗಡಿಯ ಮುಂದೆ ಆಗಲೇ ಜನ. ರಾಚವ್ವ ಇಂದುಮತಿಯನ್ನು ಸೊಂಟ ಹಿಡಿದು ನಿಲ್ಲಿಸಿಕೊಂಡಿದ್ದಳು, ಹುಡುಗಿ ಹೊಟ್ಟೆ ಹಿಡಿದು ಬಾಗಿತ್ತು. ಕೆಳಗಿನ ಬೀದಿಯ ಮುದುಕಿ ಜಗಲಿಯ ಮೇಲೆ ಅಡ್ಡಡ್ಡ ಮಲಗಿ ತೇಗುತ್ತಿದ್ದಳು. "ಓಮ ಖಾಲಿ, ಶುಂಠಿನೂ ಖಾಲಿ, ಇವತ್ತು ಊರಿಗೆಲ್ಲ ಏನಾಯ್ತು?" ಎಂದು ಅಂಗಡಿಯವನು ತಲೆ ಕೆರೆದುಕೊಂಡ.

ಇಂದುಮತಿ ನನ್ನ ಕಡೆ ಕತ್ತು ತಿರುಗಿಸಿ, "ಅಪ್ಪನ ಊಟ ನನ್ನ ಹೊಟ್ಟೇಲೇ ಕೂತದೆ ಸೀಲಕ್ಕ, ಹೋಗ್ತಾನೇ ಇಲ್ಲ" ಎಂದಳು.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವರ್ಷ ಆ ಎರಡನೆಯ ಊಟ ಯಾರ ಹೊಟ್ಟೆಯಲ್ಲೂ ನಿಂತದ್ದಿಲ್ಲ. ಇವತ್ತು ಅದು ಉಂಡವರ ಹೊಟ್ಟೆಯಲ್ಲೇ ಉಳಿದಿದೆ. ಅವರಿಗೆ ಇನ್ನು ಅದು ಬೇಕಾಗಿಲ್ಲ. ಅವರು ಹಡಗಿನಿಂದ ಇಳಿದಿದ್ದಾರೆ, ಈ ನೆಲದಲ್ಲಿ ಎಲ್ಲೋ ಕೂತು ತಮ್ಮ ಕೈಯಿಂದ ತಾವೇ ಉಂಡಿದ್ದಾರೆ. ಮೊದಲು ನಕ್ಕವಳು ರಾಚವ್ವ. ಆಮೇಲೆ ಜಗಲಿಯ ಮುದುಕಿ ನಕ್ಕು, ನಕ್ಕದ್ದಕ್ಕೆ ಹೊಟ್ಟೆ ನೋವು ಜಾಸ್ತಿಯಾಗಿ, ನಗಿಸಬೇಡ್ರೇ ಎಂದು ಬೈಯತೊಡಗಿದಳು.

ಅಷ್ಟರಲ್ಲಿ ಮೇಲಿನ ಬೀದಿಯಿಂದ ಅಮ್ಮಣ್ಣಿಯವರು ಬರುವುದು ಕಂಡಿತು. ಕಂಕುಳಲ್ಲಿ ಒಂದು ದೊಡ್ಡ ಡಬ್ಬ. ರೂಢಿಯಂತೆ ನಾವು ಪಕ್ಕಕ್ಕೆ ಸರಿದೆವು, ನಗುವನ್ನೂ ನುಂಗಿಕೊಂಡೆವು. "ಸರೀಬೇಡಿ, ಕೈಯೊಡ್ಡಿ" ಎಂದರು. ಡಬ್ಬದ ತುಂಬಾ ಓಮ. ಒಬ್ಬೊಬ್ಬರ ಅಂಗೈಗೂ ಹಿಡಿಯಷ್ಟು ಹಾಕುತ್ತಾ, "ಬಿಸಿನೀರಲ್ಲಿ ನುಂಗಿ, ಅಗಿದ್ರೆ ಖಾರ" ಎಂದು ಹೇಳುತ್ತಾ ಬಂದರು. ಅಲ್ಲಿದ್ದವರಲ್ಲಿ ಹೊಟ್ಟೆ ಹಿಡಿದುಕೊಳ್ಳದೆ ನೆಟ್ಟಗೆ ನಿಂತಿದ್ದವರು ಅವರೂ, ಉಪ್ಪು ಹೋದ ಇನ್ನೂ ಮೂರು ನಾಲ್ಕು ಮನೆಯವರೂ, ರಾಚವ್ವನೂ, ನಾನೂ. ನನ್ನ ಹತ್ತಿರ ಬಂದಾಗ, "ನಿಮ್ಮವ್ವಂಗಾ?" ಎಂದರು.

ಹೂಂ ಎಂದೆ.

"ಎರಡೂ ಕೈ ಒಡ್ಡು" ಎಂದರು. "ಅವಳು ನುಂಗಿರೋದು ಸ್ವಲ್ಪಾನಾ."

ಬೊಗಸೆ ಬಿಗಿಹಿಡಿದು ಮನೆಗೆ ಬಂದೆ. ಅವ್ವ ಕಂಬಕ್ಕೆ ಒರಗಿ, ಕಾಲು ನೀಡಿ, ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಓಮವನ್ನು ತೋರಿಸಿದೆ, ನೀರು ಕಾಯಿಸಲೇ ಎಂದೆ.

"ತಡಿ" ಎಂದಳು. "ಈಗ್ಲೇ ಇಳಿಸ್ಬುಡ್ಬೇಡ. ಸೊಲ್ಪ ಹೊತ್ತು ಹಂಗೇ ಇರ್ಲಿ."